ಅಂದು ನಿನ್ನ ಕೈಯಿಂದ ಬರೆಸಿದ ಶುದ್ಧ ಪ್ರತಿ

ಕಲಬುರಗಿ
ಏಪ್ರಿಲ್ 2026

ಮಗಳೇ,

ಸೇಡಂ ರಸ್ತೆಯ ಕಾಕಾ ಹೋದ ಸೋಮವಾರ ನಸುಕಿನಲ್ಲಿ ತೀರಿಕೊಂಡರು. ಅವ್ವ ಫೋನಿನಲ್ಲಿ ಹೇಳಿದ್ದಾಳೆ, ನೀನು ಬಹಳ ಹೊತ್ತು ಮಾತನಾಡಲಿಲ್ಲವಂತೆ. ನಾನು ಮಣ್ಣಿಗೆ ಹೋಗಿದ್ದೆ. ಅವರ ತೊಗರಿ ಹೊಲದ ಬದುವಿನಲ್ಲೇ, ಬೇವಿನ ಮರದ ಕೆಳಗೆ ಕೂರಿಸಿ ಮಣ್ಣು ಕೊಟ್ಟರು. ಬಿಸಿಲು ಹೇಗಿತ್ತೆಂದರೆ ವಿಭೂತಿ ಹಚ್ಚಿಕೊಂಡವರ ಹಣೆಯೆಲ್ಲ ಬೆವರಿಗೆ ಕರಗಿತ್ತು.

ಶರಣಬಸವೇಶ್ವರರ ಜಾತ್ರೆಗೆ ನೀನು ಬಂದಾಗ ನಮ್ಮಿಬ್ಬರ ನಡುವೆ ಆದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ನಿನಗೂ ನೆನಪಿದೆ, ನನಗೂ ನೆನಪಿದೆ. ನೀನು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವಾಗ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ. ಚಿಕ್ಕವಳಿದ್ದಾಗಿನಿಂದ ಬಸ್ಸಾಗಲಿ ರೈಲಾಗಲಿ, ನಿನ್ನ ಚೀಲವನ್ನು ಹೊತ್ತವನು ನಾನೇ.

ನೀನು ಮೇಜಿನ ಮೇಲೆ ಬಿಟ್ಟುಹೋದ ಸಂಶೋಧನೆಯ ಅಧ್ಯಾಯವನ್ನು ಮಣ್ಣಿನಿಂದ ಬಂದ ರಾತ್ರಿ ಓದಿದೆ. ಮರುದಿನ ಮತ್ತೆ ಓದಿದೆ. ಸರ್ಕಾರವೊಂದು ತನ್ನ ಹಳೆಯ ರಾಜಕೀಯ ಎದುರಾಳಿಯನ್ನು ಅಂತರರಾಷ್ಟ್ರೀಯ ಹುದ್ದೆಗೆ ಬೆಂಬಲಿಸಬೇಕೇ ಎಂಬ ಪ್ರಶ್ನೆಗೆ ನಾನು ಅಂದು ಅಷ್ಟು ಜೋರಾಗಿ ಬೇಡ ಎಂದದ್ದು ಯಾಕೆ ಎಂಬುದು ಈಗ ನನಗೆ ಗೊತ್ತಾಗಿದೆ. ನಿನಗೆ ಅಂದೇ ಗೊತ್ತಿತ್ತು. ಅದಕ್ಕೇ ನೀನು ಆ ಒಂದು ಮಾತು ಹೇಳಿ ಎದ್ದು ಹೋದೆ.

ನಿನ್ನ ಬರವಣಿಗೆ ಚೆನ್ನಾಗಿದೆ. ಇದನ್ನು ಬರೆಯಲು ಇಷ್ಟು ದಿನ ಯಾಕೆ ಬೇಕಾಯಿತೋ ಕಾಣೆ. ನ್ಯೂಜಿಲೆಂಡಿನ ಸಂಗತಿ ನನಗೆ ಗೊತ್ತಿರಲಿಲ್ಲ. ಜಾನ್ ಕೀ 2008ರ ಚುನಾವಣೆಯಲ್ಲಿ ಹೆಲೆನ್ ಕ್ಲಾರ್ಕ್ ಅವರನ್ನು ಸೋಲಿಸಿ ಪ್ರಧಾನಿಯಾದರು. ಮರುವರ್ಷವೇ ಆಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥೆಯಾಗಲು ಅದೇ ಕೀ ಅವರ ಸರ್ಕಾರ ಬೆನ್ನಿಗೆ ನಿಂತಿತು. 2016ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಹುದ್ದೆಗೂ ಆಕೆಯ ಹೆಸರನ್ನು ಅದೇ ಸರ್ಕಾರ ಕಳಿಸಿತು. ಅದೇ ವರ್ಷ ಆಸ್ಟ್ರೇಲಿಯದಲ್ಲಿ ಮಾಜಿ ಪ್ರಧಾನಿ ಕೆವಿನ್ ರಡ್ ಆ ಹುದ್ದೆಗೆ ತಮ್ಮ ಹೆಸರನ್ನೂ ಕಳಿಸಿ ಎಂದು ಕೇಳಿದರು. ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಒಮ್ಮೆ ಅವರೆದುರು ವಿರೋಧ ಪಕ್ಷದ ನಾಯಕರಾಗಿದ್ದವರು. ವಿದೇಶಾಂಗ ಸಚಿವೆ ಜೂಲಿ ಬಿಷಪ್ ಒಪ್ಪಿದ್ದರು, ಸಂಪುಟದಲ್ಲಿ ಒಮ್ಮತ ಬರಲಿಲ್ಲ. ಕೊನೆಗೆ ಜುಲೈನಲ್ಲಿ, ಆ ಹುದ್ದೆಗೆ ರಡ್ ತಕ್ಕವರಲ್ಲ ಎಂಬುದು ತಮ್ಮ ನಿರ್ಣಯ ಎಂದು ಟರ್ನ್‌ಬುಲ್ ಹೇಳಿಬಿಟ್ಟರು.

ತಕ್ಕವರಲ್ಲ. ಆ ಪದ ಬಂದ ಪುಟದಿಂದ ನಾನು ಬಹಳ ಹೊತ್ತು ಮುಂದೆ ಹೋಗಲಿಲ್ಲ ಮಗಳೇ.

ನಾವು ಬರೆದ ಪದ ‘ಸೂಕ್ತರಲ್ಲ’ ಎಂದಿತ್ತು. ಅದೂ 2016. ಆಗ ನಿನಗೆ ಹದಿನಾಲ್ಕು, ಒಂಬತ್ತನೆಯ ತರಗತಿ. ಆ ವರ್ಷವನ್ನು ವಿಶ್ವಸಂಸ್ಥೆ ದ್ವಿದಳ ಧಾನ್ಯಗಳ ವರ್ಷವೆಂದು ಸಾರಿತ್ತು, ತೊಗರಿಯ ಕಣಜವಾದ ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಅದೇ ಮಾತು. ರೈತರ ತಂಡವೊಂದನ್ನು ಹೊರದೇಶಕ್ಕೆ ಕಳಿಸುವ ವಿಚಾರ ಬಂದಾಗ ಯಾರೋ ಕಾಕಾನ ಹೆಸರು ಹೇಳಿದ್ದರು. ಸೊಸೈಟಿಯ ಅಧ್ಯಕ್ಷನ ಅಭಿಪ್ರಾಯ ಕೇಳಿ ನನಗೆ ಪತ್ರ ಬಂತು. ಅಷ್ಟೇ. ಒಂದು ಅಭಿಪ್ರಾಯ.

ಅದಕ್ಕೆ ಒಂದು ವರ್ಷದ ಹಿಂದಷ್ಟೇ ಅವರು ನನ್ನ ಎದುರು ಸೊಸೈಟಿ ಚುನಾವಣೆಗೆ ನಿಂತು ಸೋತಿದ್ದರು. ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ನಿಂತು, ಗೊಬ್ಬರದ ಚೀಲಗಳು ಅಧ್ಯಕ್ಷರ ಬೀಗರ ಮನೆಗೆ ಹೋಗುತ್ತವೆ ಎಂದಿದ್ದರು. ಹೋಗಿರಲಿಲ್ಲ. ಒಂದು ಚೀಲವೂ ಹೋಗಿರಲಿಲ್ಲ. ಇದನ್ನು ಈಗ ಬರೆಯುವಾಗಲೂ ನನ್ನ ಕೈ ಬಿಗಿಯುತ್ತದೆ, ನೋಡು.

ಆ ಮಧ್ಯಾಹ್ನ ಕರೆಂಟ್ ಇರಲಿಲ್ಲ. ನೀನು ಬೆಳಕಿಗಾಗಿ ಹೊಸ್ತಿಲ ಹತ್ತಿರ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ, ನಿನ್ನದು ಮುತ್ತು. ಶುದ್ಧ ಪ್ರತಿ ಬರೆದುಕೊಡು ಎಂದೆ. ವಿಷಯ, ಉಲ್ಲೇಖ, ಜಾವಕ ಸಂಖ್ಯೆ ಎಲ್ಲ ಹೇಳಿದೆ. ‘ಸದರಿಯವರು ಈ ಪ್ರವಾಸಕ್ಕೆ’ ಎಂಬಲ್ಲಿಗೆ ಬಂದಾಗ ನೀನು ಪೆನ್ನು ನಿಲ್ಲಿಸಿ, ‘ಇದು ನಮ್ಮ ಕಾಕಾನಾ ಅಪ್ಪಾ?’ ಎಂದು ಕೇಳಿದೆ. ನಾನು, ಬರೆ ಎಂದೆ. ‘ತೊಗರಿಯ ವಿಷಯ ಅವರಿಗಿಂತ ಯಾರಿಗೆ ಗೊತ್ತು?’ ಎಂದೆ ನೀನು. ನಾನು ಮತ್ತೆ, ಬರೆ ಎಂದೆ. ನೀನು ಬರೆದೆ. ‘ಸೂಕ್ತ’ದ ತ ಒತ್ತನ್ನು ಎಂದಿನಂತೆ ದುಂಡಗೆ ಬರೆದೆ. ನಾನು ಕೆಳಗೆ ಸಹಿ ಹಾಕಿ ಸೀಲು ಒತ್ತಿದೆ.

ಆಮೇಲೆ ನಿನಗೆ ಐದು ರೂಪಾಯಿ ಕೊಟ್ಟೆ. ನೀನು ಅದನ್ನು ಕಿಟಕಿಯಲ್ಲಿ ಇಟ್ಟು ಹೋದೆ, ಬಹಳ ದಿನ ಅಲ್ಲೇ ಇತ್ತು. ಅದನ್ನು ನಾನು ಗಮನಿಸಲಿಲ್ಲ ಎಂದು ನೀನು ಅಂದುಕೊಂಡಿರಬಹುದು.

ನಾನು ಸುಳ್ಳು ಬರೆಯಿಸಲಿಲ್ಲ. ಈ ಮಾತೇ ನನ್ನನ್ನು ಹತ್ತು ವರ್ಷ ಕಾಪಾಡಿದ್ದು. ಕಾಕಾ ಮುಂಗೋಪಿ, ಸಭೆಯಲ್ಲಿ ಮಾತು ಬೆಳೆದರೆ ಟವೆಲ್ ಕೊಡವಿ ಎದ್ದು ಹೋಗುತ್ತಿದ್ದರು. ಕನ್ನಡ, ನಮ್ಮ ದಖನಿ ಉರ್ದು ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಲೆಕ್ಕಪತ್ರ ಇಡುತ್ತಿರಲಿಲ್ಲ. ಎಲ್ಲವೂ ನಿಜ. ಆದರೆ ಇದೇ ದೋಷಗಳು ನನ್ನ ಗುಂಪಿನವನೊಬ್ಬನಲ್ಲಿ ಇದ್ದಿದ್ದರೆ, ಆ ಪತ್ರದಲ್ಲಿ ನಾನು ನೆಟೆ ರೋಗದ ಬಗ್ಗೆ ಬರೆಯುತ್ತಿದ್ದೆ. ಊರಿನ ಅರ್ಧ ಹೊಲ ಒಣಗಿದ ವರ್ಷ, ನೆಟೆ ತಡೆಯುವ ಟಿಎಸ್-3ಆರ್ ತೊಗರಿ ಬೀಜವನ್ನು ಸಂಶೋಧನಾ ಕೇಂದ್ರದಿಂದ ತಂದು, ಮೊದಲು ತನ್ನ ಎರಡು ಎಕರೆಯಲ್ಲಿ ಬಿತ್ತಿ ನೋಡಿ, ಆಮೇಲೆ ಕೇಳಿದವರಿಗೆಲ್ಲ ಸೇರುಗಟ್ಟಲೆ ಅಳೆದುಕೊಟ್ಟವರು ಅವರು ಎಂದು ಬರೆಯುತ್ತಿದ್ದೆ. ನಮ್ಮ ಹೊಲಕ್ಕೂ ಕೊಟ್ಟಿದ್ದರು. ನಿನ್ನ ಹೈಸ್ಕೂಲಿನ ಫೀಸು ಆ ಬೆಳೆಯದು.

ಆದ್ದರಿಂದ ನಿನ್ನ ಅಧ್ಯಾಯದಲ್ಲಿ ಒಂದು ವಾಕ್ಯವನ್ನು ನಾನು ಒಪ್ಪುವುದಿಲ್ಲ. ಟರ್ನ್‌ಬುಲ್ ಹಳೆಯ ಸೇಡು ತೀರಿಸಿಕೊಂಡರು ಎಂದು ಬರೆದಿದ್ದೀಯ. ಅದು ನಿನಗೆ ಹೇಗೆ ಗೊತ್ತು? ರಡ್ ಅವರನ್ನು 2010ರಲ್ಲಿ ಪ್ರಧಾನಿ ಪಟ್ಟದಿಂದ ಇಳಿಸಿದ್ದು ಅವರ ಸ್ವಂತ ಪಕ್ಷ. ಅವರ ಸ್ವಭಾವದ ಬಗ್ಗೆ ಹೆಚ್ಚು ದೂರಿದವರೂ ಅವರ ಜೊತೆಯವರೇ. ಟರ್ನ್‌ಬುಲ್ ನಿಜವಾಗಿಯೂ ಹಾಗೆಂದು ನಂಬಿರಬಹುದು. ಹೊರಗೆ ನಿಂತವರಿಗೆ ಇದು ತಿಳಿಯುವುದಿಲ್ಲ. ತಿಳಿಯುವುದು ಸಹಿ ಹಾಕುವವನಿಗೆ ಒಬ್ಬನಿಗೇ, ಅವನಿಗೂ ಅಂದೇ ತಿಳಿಯುವುದಿಲ್ಲ. ನನಗೆ ಹತ್ತು ವರ್ಷ ಹಿಡಿಯಿತು.

ಅದಕ್ಕೇ ನನಗೆ ಈಗ ಅನ್ನಿಸುವುದು ಇಷ್ಟು. ಹೆಸರು ಕಳಿಸಲಿ. ಅಳೆಯುವ ಕೆಲಸವನ್ನು ಅಲ್ಲಿಯವರು ಮಾಡಲಿ. 2016ರಲ್ಲಿ ಮೊದಲ ಬಾರಿಗೆ ಹುರಿಯಾಳುಗಳನ್ನು ಸಾಮಾನ್ಯ ಸಭೆಯಲ್ಲಿ ಎಲ್ಲರ ಎದುರು ಕೂರಿಸಿ ಪ್ರಶ್ನೆ ಕೇಳಿದರು ಎಂದು ನೀನೇ ಬರೆದಿದ್ದೀಯ. ಆಮೇಲೆ ಭದ್ರತಾ ಮಂಡಳಿ ತೂಗುತ್ತದೆ, ಅದರ ಶಿಫಾರಸಿನ ಮೇಲೆ ಸಾಮಾನ್ಯ ಸಭೆ ನೇಮಿಸುತ್ತದೆ. ಅಷ್ಟು ಜರಡಿಗಳಿರುವಾಗ ತವರಿನವನೇ ಬಾಗಿಲು ಹಾಕುವುದೇಕೆ? ಹೆಲೆನ್ ಕ್ಲಾರ್ಕ್ ಅವರೂ ಗೆಲ್ಲಲಿಲ್ಲ, ಹುದ್ದೆ ಪೋರ್ಚುಗಲ್‌ನ ಗುಟೆರಸ್ ಅವರಿಗೆ ಹೋಯಿತು. ನ್ಯೂಜಿಲೆಂಡ್ ಏನು ಕಳೆದುಕೊಂಡಿತು? ನಮ್ಮ ಹೆಣ್ಣುಮಗಳನ್ನು ನಾವು ಕಳಿಸಿದೆವು ಎಂಬ ಮಾತು ಉಳಿಯಿತು. ಗುಟೆರಸ್ ಅವಧಿ ಈ ವರ್ಷದ ಕೊನೆಗೆ ಮುಗಿಯುತ್ತದೆ, ಮತ್ತೆ ಇದೇ ಪ್ರಶ್ನೆ ಏಳುವ ವರ್ಷ ಇದು. ನಿನ್ನ ಅಧ್ಯಾಯವನ್ನು ಬೇಗ ಮುಗಿಸು.

ಆದರೆ ಎಲ್ಲ ಬೆಂಬಲವನ್ನೂ ಔದಾರ್ಯ ಎಂದು ಬರೆಯಬೇಡ. 2007ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸರ್ಕೋಜಿ ಎದುರಾಳಿ ಸಮಾಜವಾದಿ ಪಕ್ಷದ ಸ್ಟ್ರಾಸ್‌ಕಾನ್ ಅವರನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಖ್ಯಸ್ಥ ಸ್ಥಾನಕ್ಕೆ ಬೆಂಬಲಿಸಿದ್ದನ್ನು ನೀನು ಬಹಳ ಹೊಗಳಿದ್ದೀಯ. ಬಲಿಷ್ಠ ಎದುರಾಳಿಯನ್ನು ಊರಿನಿಂದ ದೂರ ಕಳಿಸುವುದೂ ರಾಜಕಾರಣದ ಒಂದು ಪಟ್ಟು, ಅದನ್ನು ಸೊಸೈಟಿ ಮಟ್ಟದಲ್ಲೇ ಎಷ್ಟೋ ಸಲ ಕಂಡಿದ್ದೇನೆ. ಕಳೆದ ವರ್ಷ ಸರ್ವಪಕ್ಷಗಳ ಏಳು ನಿಯೋಗಗಳು ಹೊರದೇಶಗಳಿಗೆ ಹೋದಾಗ ನಮ್ಮ ಊರಿನ ಚಹಾದ ಅಂಗಡಿಗಳಲ್ಲಿ ಎಂಥ ಜಗಳ ನಡೆಯಿತು, ನಿನಗೆ ಫೋನಿನಲ್ಲಿ ಹೇಳಿದ್ದೆ. ಕಾಂಗ್ರೆಸ್ ನಾಲ್ಕು ಹೆಸರು ಕೊಟ್ಟಿತ್ತು, ಅದರಲ್ಲಿ ಶಶಿ ತರೂರ್ ಹೆಸರು ಇರಲಿಲ್ಲ. ಸರ್ಕಾರ ಅವರನ್ನೇ ಒಂದು ನಿಯೋಗದ ನಾಯಕರನ್ನಾಗಿ ಮಾಡಿತು. ಪಕ್ಷದ ಅಧ್ಯಕ್ಷರು ಖರ್ಗೆಯವರು, ನಮ್ಮವರೇ, ಹಾಗಾಗಿ ಇಲ್ಲಿ ಆ ಮಾತಿಗೆ ಬಿಸಿ ಹೆಚ್ಚು. ಎರಡೂ ಕಡೆಯವರ ಮಾತಿನಲ್ಲಿ ತಿರುಳಿದೆ ಎಂದು ನನಗೆ ಅನ್ನಿಸಿತು. ದೇಶದ ಪರವಾಗಿ ಮಾತನಾಡಬಲ್ಲವರನ್ನು ಆರಿಸುವ ಹಕ್ಕು ಸರ್ಕಾರಕ್ಕಿದೆ. ಆದರೆ ಎದುರಿನವರ ಮನೆಯಿಂದ ಒಬ್ಬರನ್ನು ಕರೆಯುವಾಗ ಆ ಮನೆಯ ಹಿರಿಯರನ್ನು ದಾಟಿ ಕರೆದರೆ ಅದು ಬೇರೆ ಅರ್ಥ ಕೊಡುತ್ತದೆ. ಇದನ್ನು ನಿನ್ನ ಬರಹದಲ್ಲಿ ಸೇರಿಸು.

1994ರ ಜಿನೀವಾವನ್ನು ಹೇಗೆ ಬಿಟ್ಟೆ? ಪಾಕಿಸ್ತಾನ ಕಾಶ್ಮೀರದ ಬಗ್ಗೆ ಮಾನವ ಹಕ್ಕುಗಳ ಆಯೋಗದ ಮುಂದೆ ನಿರ್ಣಯ ತಂದಾಗ ನರಸಿಂಹರಾವ್ ಅವರು ನಮ್ಮ ನಿಯೋಗಕ್ಕೆ ನಾಯಕರನ್ನಾಗಿ ಕಳಿಸಿದ್ದು ವಿರೋಧ ಪಕ್ಷದ ನಾಯಕ ವಾಜಪೇಯಿ ಅವರನ್ನು. ರಾವ್ ಅವರ ಸರ್ಕಾರದ ಸಚಿವ ಸಲ್ಮಾನ್ ಖುರ್ಷಿದ್, ವಾಜಪೇಯಿ ಅವರ ಕೈಕೆಳಗೆ ಕೂತರು. ನಿರ್ಣಯವನ್ನು ಪಾಕಿಸ್ತಾನ ಹಿಂದಕ್ಕೆ ಪಡೆಯಿತು. ಆ ಸುದ್ದಿಯನ್ನು ನಾನು ರೇಡಿಯೊದಲ್ಲಿ ಕೇಳಿದ್ದು ಕಾಕಾನ ಜೊತೆಯಲ್ಲೇ, ಅವರ ಹೊಲದ ಗುಡಿಸಲಿನಲ್ಲಿ. ಆಗ ನಾವು ಒಂದೇ ಗುಂಪಿನವರು. ಹಿಗ್ಗಿನಿಂದ ನನ್ನ ಬೆನ್ನಿಗೆ ಹೊಡೆದಿದ್ದರು, ಎರಡು ದಿನ ನೋವಿತ್ತು. ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತು, ಮುಂದೆ ಅವರದೇ ಸಂಪುಟದಲ್ಲಿ ಸಚಿವರಾದರು. ಆದರೆ ಅದು ಪಕ್ಷಕ್ಕೆ ಮರಳಿದ ಕಥೆ, ನಿನ್ನ ವಿಷಯಕ್ಕೆ ಕೂಡುವುದಿಲ್ಲ, ಬಿಡು.

ಮತ್ತೆ ಪಾಠ ಹೇಳುತ್ತಿದ್ದೇನೆ. ಇನ್ನೊಂದು ಹೇಳಿ ನಿಲ್ಲಿಸುತ್ತೇನೆ. ನಾಳೆ ನೀನೂ ಯಾವುದೋ ಸಮಿತಿಯಲ್ಲಿ ಕೂರುತ್ತೀಯ, ನಿನ್ನ ಮುಂದೆಯೂ ಒಂದು ಹೆಸರು ಬರುತ್ತದೆ. ನಿನಗೆ ಆಗದವರ ಹೆಸರು ಬಂದ ದಿನ ಏನೂ ಬರೆಯಬೇಡ. ಒಂದು ರಾತ್ರಿ ಕಳೆಯಲಿ. ಬೇಡ ಎನ್ನುವುದಾದರೆ ಕಾರಣವನ್ನು ಅವರ ಮುಖದ ಎದುರೇ ಹೇಳುವ ಧೈರ್ಯವಿದ್ದಾಗ ಮಾತ್ರ ಬರೆ. ಬೇರೆಯವರ ಕೈಯಿಂದ ಬರೆಯಿಸಬೇಡ.

ಮಣ್ಣಿನ ಮೂರನೆಯ ದಿನ ಕಾಕು ಹೇಳಿಕಳಿಸಿದರು. ಪಹಣಿ, ಬ್ಯಾಂಕಿನ ಪುಸ್ತಕ ಎಲ್ಲಿದೆಯೋ ತಿಳಿಯದು, ನೀವೇ ನೋಡಿಕೊಡಿ ಎಂದರು. ಟ್ರಂಕಿನಲ್ಲಿ ಸೊಸೈಟಿಯ ಹಳೆಯ ರಸೀದಿಗಳ ಕೆಳಗೆ, ಬೀಜದ ಪ್ಲಾಸ್ಟಿಕ್ ಚೀಲವೊಂದರಲ್ಲಿ ಸುತ್ತಿಟ್ಟ ಪಾಸ್‌ಪೋರ್ಟ್ ಇತ್ತು. 2016ರ ಆಗಸ್ಟಿನಲ್ಲಿ ಕೊಟ್ಟದ್ದು. ಭಾವಚಿತ್ರದಲ್ಲಿ ಟೋಪಿಯಿಲ್ಲದ ಬರೀ ತಲೆ, ಗುರುತೇ ಹತ್ತಲಿಲ್ಲ. ಒಳಗಿನ ಹಾಳೆಗಳೆಲ್ಲ ಖಾಲಿ. ಅವಧಿ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ.

ಯಾರು ಬೇಡವೆಂದರು ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು. ಆ ವರ್ಷದ ಎಳ್ಳಮಾವಾಸ್ಯೆಗೆ ಅವರ ಹೊಲದಿಂದ ಎಂದಿನಂತೆ ಭಜ್ಜಿ, ಸಜ್ಜೆಯ ಕಡುಬು ಬಂದಿತ್ತು. ನಿನ್ನನ್ನು ಕಂಡಾಗ, ಎಷ್ಟು ಚೆಂದ ಬರೆಯುತ್ತಾಳಂತೆ ನಮ್ಮ ಹುಡುಗಿ ಎಂದರು. ಆ ಮಾತನ್ನು ಹತ್ತು ವರ್ಷಗಳಿಂದ ಹೊರಳಿಸಿ ನೋಡುತ್ತಿದ್ದೇನೆ. ನಿನ್ನ ಅಕ್ಷರ ಅವರು ಎಲ್ಲಿ ನೋಡಿದ್ದರು? ಶಾಲೆಯ ಬಹುಮಾನದ ಸುದ್ದಿ ಕೇಳಿ ಅಂದಿರಬಹುದು. ಹಾಗೆ ಅಂದುಕೊಂಡು ಮಲಗುತ್ತೇನೆ, ಮತ್ತೆ ಎಚ್ಚರವಾಗುತ್ತದೆ.

ಅವರ ಹತ್ತಿರ ಕೇಳಬೇಕಾದ ಕ್ಷಮೆಗೆ ಈಗ ಜಾಗವಿಲ್ಲ. ನಿನ್ನ ಹತ್ತಿರ ಕೇಳುತ್ತೇನೆ. ಹದಿನಾಲ್ಕು ವರ್ಷದ ಮಗುವಿನ ಕೈಯಿಂದ ಅದನ್ನು ಬರೆಯಿಸಬಾರದಿತ್ತು. ತಪ್ಪಾಯಿತು ಮಗಳೇ.

ಹೊಲವನ್ನು ಕಾಕುವಿನ ಹೆಸರಿಗೆ ಮಾಡಿಸುವ ಅರ್ಜಿಯನ್ನು ನಾನೇ ಬರೆಯುತ್ತಿದ್ದೇನೆ. ಕಚೇರಿಯವರು ಟೈಪ್ ಮಾಡಿಸಿ ತನ್ನಿ ಎಂದರು. ನಾನು ಕೈಯಿಂದಲೇ ಬರೆಯುತ್ತೇನೆ ಎಂದೆ. ಮೂರು ಹಾಳೆ ಹಾಳಾದವು, ನಾಲ್ಕನೆಯದು ಓದುವ ಹಾಗಿದೆ. ನಾಳೆ ಕಾಕುವಿನ ಹೆಬ್ಬೆಟ್ಟು ಹಾಕಿಸಿ ತಹಶೀಲ್ದಾರ್ ಕಚೇರಿಗೆ ಕೊಡುತ್ತೇನೆ.

ಭಾನುವಾರ ಫೋನು ಮಾಡು.

ನಿನ್ನ ಅಪ್ಪ