ಕೋಟೆಯಲ್ಲಿ ಸಿಕ್ಕ ಅಣ್ಣನಿಗೆ

ಹೋದ ಭಾನುವಾರ ಬೆಳಿಗ್ಗೆ ಕಲಬುರಗಿ ಕೋಟೆಯ ಜಾಮಿ ಮಸೀದಿ ಹತ್ತಿರ ನನಗೆ ಸಹಾಯ ಮಾಡಿದ ಅಣ್ಣಾ, ನಿಮ್ಮ ಹೆಸರು ಕೇಳೋದೇ ಮರೆತುಬಿಟ್ಟೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸ 8 ಎಂಎಂ ಮ್ಯಾನುಯಲ್ ಫಿಶ್‌ಐ ಲೆನ್ಸ್ (ಎಲ್ಲಾ ಕೈಯಲ್ಲೇ ಹೊಂದಿಸಬೇಕಾದ, ತುಂಬಾ ಅಗಲದ ನೋಟ ಹಿಡಿದು ಗೆರೆಗಳನ್ನು ಬಾಗಿಸುವ ಲೆನ್ಸ್) ಹಾಕಿದರೆ ಕ್ಯಾಮೆರಾ ಕ್ಲಿಕ್ಕೇ ಆಗುತ್ತಿರಲಿಲ್ಲ. ಲೆನ್ಸ್ ಕೆಟ್ಟಿದೆ ಅಂತ ವಾಪಸ್ ಹೊರಟಿದ್ದೆ. ಇಂಥ ಲೆನ್ಸ್‌ಗೂ ಕ್ಯಾಮೆರಾಗೂ ವಿದ್ಯುತ್ ಸಂಪರ್ಕ ಇರಲ್ಲ, ಅದಕ್ಕೇ ಕ್ಯಾಮೆರಾ ಲೆನ್ಸೇ ಇಲ್ಲ ಅಂದುಕೊಳ್ಳುತ್ತೆ ಅಂತ ಹೇಳಿ, ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಕ್ಲಿಕ್ ಆಗುವ ಆಯ್ಕೆ ಆನ್ ಮಾಡಿಕೊಟ್ಟಿರಿ. ಆಮೇಲೆ ಅಪರ್ಚರ್ ರಿಂಗ್ (ಬೆಳಕು ಬರುವ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಬಳೆ) ಎಫ್/8ಕ್ಕೆ, ಫೋಕಸ್ ರಿಂಗ್ 1 ಮೀಟರಿಗೆ. ‘ಇನ್ನು ಮುಟ್ಟಬೇಡಿ’ ಅಂದಿರಿ. ಮೊಣಕಾಲ ಹತ್ತಿರದ ಕಲ್ಲಿನಿಂದ ದೂರದ ಗೋಡೆವರೆಗೆ ಎಲ್ಲಾ ಸ್ಪಷ್ಟ!

1367ರ ಮಸೀದಿ ಅದು, ನಡುವೆ ಬಯಲು ಅಂಗಳ ಇಲ್ಲ, ಪೂರ್ತಿ ಚಾವಣಿ. ಒಳಗೆ ಸಾಲು ಸಾಲು ಕಮಾನು. ನನ್ನ ಮೊದಲ ಫೋಟೋದಲ್ಲಿ ಕಂಬಗಳೆಲ್ಲ ಬಿಲ್ಲಿನ ಹಾಗೆ ಬಾಗಿದ್ದವು, ಕೆಳಗೆ ನನ್ನ ಕಾಲ್ಬೆರಳೂ ಬಂದಿತ್ತು. ಚಿತ್ರದ ಮಧ್ಯದಲ್ಲಿ ಹಾದುಹೋಗುವ ಗೆರೆ ಮಾತ್ರ ಬಾಗಲ್ಲ ಅಂತ ತೋರಿಸಿ, ನನ್ನ ಭುಜ ಹಿಡಿದು ಎರಡು ಕಮಾನು ಸಾಲಿನ ನಟ್ಟನಡುವೆ ನಿಲ್ಲಿಸಿದಿರಿ. ಕ್ಯಾಮೆರಾ ಒಂಚೂರೂ ಮೇಲೆ ಕೆಳಗೆ ವಾಲಬಾರದು ಅಂದಿರಿ. ಆ ಫೋಟೋ ಈಗ ನಮ್ಮ ಮನೆ ಗೋಡೆ ಮೇಲಿದೆ.

ನಿಮ್ಮ ಬೆಳಗಿನ ಬೆಳಕು ಪೂರ್ತಿ ನನಗೇ ಹೋಯಿತು, ಅಲ್ವಾ? ತುಂಬಾ ಧನ್ಯವಾದ ಅಣ್ಣಾ. ಇನ್ನೊಮ್ಮೆ ಸಿಕ್ಕರೆ ಸುಸಲಾ, ಮಿರ್ಚಿ ನನ್ನ ಲೆಕ್ಕ.