ರ‍್ಯಾಪ್‌ನಲ್ಲಿ ‘ನಾನು’ ಇಲ್ಲದ ತಂಡವೂ ಇದೆ

ಮಾನ್ಯ ಸಂಪಾದಕರೇ,

ಮಡಿಕೇರಿ ದಸರಾದ ಮಂಟಪಗಳ ಧ್ವನಿವರ್ಧಕದ ಅಬ್ಬರವನ್ನು ಖಂಡಿಸಿ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದ ಪತ್ರವನ್ನು ಓದಿದೆ. ಕಿಟಕಿಯ ಗಾಜು ಅದುರುವಂತೆ ರಾತ್ರಿಯಿಡೀ ಡಿಜೆ ಹಾಕುವುದರ ಬಗ್ಗೆ ಅವರೆತ್ತಿದ ಆಕ್ಷೇಪಕ್ಕೆ ನನ್ನ ಪೂರ್ಣ ಸಹಮತವಿದೆ. ಆದರೆ ಅದೇ ಸಿಟ್ಟಿನಲ್ಲಿ ಅವರು ರ‍್ಯಾಪ್ ಎಂಬ ಪ್ರಕಾರವನ್ನೇ ‘ನಾನು, ನಾನು ಎಂಬ ಬಡಾಯಿ, ಅದರ ಮೇಲೊಂದಿಷ್ಟು ಗದ್ದಲ’ ಎಂದು ತಳ್ಳಿಹಾಕಿದ್ದಾರೆ. ಈ ಎರಡೂ ಆರೋಪಗಳಿಗೆ ಒಂದೇ ತಂಡದಲ್ಲಿ ಉತ್ತರ ಸಿಗುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ತಂಡದ ಹೆಸರು ‘ಕ್ಲಿಪ್ಪಿಂಗ್’, ಊರು ಅಮೆರಿಕದ ಲಾಸ್ ಏಂಜಲೀಸ್. 2009ರಲ್ಲಿ ವಿಲಿಯಂ ಹಟ್ಸನ್ ಮತ್ತು ಜೊನಾಥನ್ ಸ್ನೈಪ್ಸ್ ಎಂಬಿಬ್ಬರು, ಜನಪ್ರಿಯ ರ‍್ಯಾಪ್ ಹಾಡುಗಳಿಂದ ಹಿಮ್ಮೇಳವನ್ನು ತೆಗೆದುಹಾಕಿ, ಉಳಿದ ಮಾತಿನ ಹಿಂದೆ ಕರ್ಕಶ ಸದ್ದುಗಳನ್ನು ಜೋಡಿಸಿ ನೋಡುವ ಪ್ರಯೋಗವಾಗಿ ಇದನ್ನು ಶುರುಮಾಡಿದರು. ಮರುವರ್ಷ ಹಾಡುಗಾರ ಡಾವೀಡ್ ಡಿಗ್ಸ್ ಸೇರಿಕೊಂಡ ಮೇಲೆ ಸ್ವಂತ ಹಾಡುಗಳು ಹುಟ್ಟಿದವು. ಮೈಕ್ ಸೆಟ್‌ನವರಿಗೆ ತಂಡದ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಆಂಪ್ಲಿಫೈಯರ್ ತಾಳಬಲ್ಲದ್ದಕ್ಕಿಂತ ಹೆಚ್ಚಿನ ಧ್ವನಿ ಅದರೊಳಕ್ಕೆ ನುಗ್ಗಿದಾಗ ತರಂಗದ ನೆತ್ತಿ ಕತ್ತರಿಸಿಹೋಗಿ ಸದ್ದು ಒಡೆಯುತ್ತದಲ್ಲ, ಅದೇ ಕ್ಲಿಪ್ಪಿಂಗ್. ಮಂಟಪದ ಸ್ಪೀಕರುಗಳಲ್ಲಿ ಅದು ಅಜಾಗರೂಕತೆಯಿಂದ ಆಗುತ್ತದೆ. ಇವರಾದರೋ ಎಲ್ಲಿ ಒಡೆಯಬೇಕು, ಎಷ್ಟು ಒಡೆಯಬೇಕು ಎಂದು ಅಳೆದು ಇಡುತ್ತಾರೆ.

ನಾನು ಇವರನ್ನು ಮೊದಲು ಕೇಳಿದ್ದು ಕಕ್ಕಡ ತಿಂಗಳ ಮಳೆಯಲ್ಲಿ, ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗನ ಹೆಡ್‌ಫೋನಿನಲ್ಲಿ. ತೋಟದ ಮನೆಯ ಜಗಲಿಯಲ್ಲಿ ಕುಳಿತಿದ್ದೆ, ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ‘ಗೆಟ್ ಅಪ್’ ಎಂಬ ಹಾಡು ಶುರುವಾದಾಗ ಅವನ ಮೊಬೈಲಿನ ಅಲಾರಂ ಹೊಡೆಯುತ್ತಿದೆ ಎಂದುಕೊಂಡು ಹೆಡ್‌ಫೋನ್ ತೆಗೆದು ಕೊಟ್ಟೆ. ಅವನು ನಕ್ಕು, ‘ಚಿಕ್ಕಪ್ಪ, ಹಾಡೇ ಅದು’ ಎಂದ. ನಿಜಕ್ಕೂ ಆ ಹಾಡಿನ ಬೆನ್ನೆಲುಬೇ ಅಲಾರಂ ಗಡಿಯಾರದ ಟೀಂ ಟೀಂ ಸದ್ದು. ಡಿಗ್ಸ್ ಅದರ ಮೇಲೆಯೇ ಮಾತನ್ನು ಕೂರಿಸುತ್ತಾ ಹೋಗುತ್ತಾನೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ನಾನು ಅದಕ್ಕೆ ಬೆರಳಿನಲ್ಲಿ ತಾಳ ಹಾಕುತ್ತಿದ್ದೆ.

‘ಗೆಟ್ ಅಪ್’ ಇರುವ 2014ರ ಆಲ್ಬಂನಲ್ಲೇ ಬರುವ ‘ಸ್ಟೋರಿ 2’ ಸಂಗೀತ ಕಲಿತವರಿಗೆ ಇನ್ನೂ ರುಚಿಸೀತು. ಕಥೆ ಬಿಗಿಯಾಗುತ್ತಾ ಹೋದಂತೆ ತಾಳದ ಎಣಿಕೆಯೂ ಮೂರರಿಂದ ನಾಲ್ಕಕ್ಕೆ, ಐದಕ್ಕೆ, ಅದಕ್ಕೂ ಮೇಲಕ್ಕೆ ಏರುತ್ತದೆ. ತಿಶ್ರ, ಚತುರಶ್ರ, ಖಂಡ ಎಂದು ಕೈಯಲ್ಲಿ ಲೆಕ್ಕ ಹಾಕಿ ಬಲ್ಲವರು ಇದನ್ನು ಗದ್ದಲವೆನ್ನಲಾರರು.

ಇನ್ನು ಬಡಾಯಿಯ ವಿಷಯ. ಈ ತಂಡದ ಹಾಡುಗಳಲ್ಲಿ ಡಿಗ್ಸ್ ‘ನಾನು’ ಎಂಬ ಪದವನ್ನು ಬಳಸುವುದಿಲ್ಲ. ಅದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಕನ್ನಡದಲ್ಲಿ ಇಂಥ ಕಟ್ಟುಪಾಡು ಇನ್ನೂ ಕಷ್ಟವೆಂದು ನನಗೆ ತೋರುತ್ತದೆ, ಏಕೆಂದರೆ ನಾವು ‘ನಾನು’ ಬಿಟ್ಟರೂ ‘ಬಂದೆ’, ‘ಹೋದೆ’ ಎನ್ನುವಾಗ ಕ್ರಿಯಾಪದದ ಬಾಲದಲ್ಲಿ ಅದು ಅಡಗಿ ಕುಳಿತಿರುತ್ತದೆ. ಹೀಗೆ ಹಾಡುಗಾರ ತನ್ನನ್ನು ಹಿಂದಕ್ಕೆ ಸರಿಸಿ ಇನ್ನೊಬ್ಬರ ಕಥೆ ಹೇಳುವುದು ಕೊಡಗಿನವರಿಗೆ ಹೊಸದೇನಲ್ಲ. ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ನಾಲ್ವರು ಇಬ್ಬಿಬ್ಬರಾಗಿ ‘ಬಾಳೋ ಬಾಳೋ’ ಎಂದು ಎತ್ತಿಕೊಳ್ಳುವ ಪಾಟ್‌ಗಳಲ್ಲಿ, ಅಂದರೆ ಕೊಡವರ ಜನಪದ ಹಾಡುಗಳಲ್ಲಿ, ಕೇಳುವುದು ಹಿರಿಯರ, ವೀರರ ಕಥೆ. ಎರಡೂ ಒಂದೇ ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ದುಡಿ ಕೇಳಿ ಬೆಳೆದ ಕಿವಿಗೆ ಇದು ಅಷ್ಟೇನೂ ಪರಕೀಯವಲ್ಲ ಎಂದಷ್ಟೇ ಹೇಳುತ್ತೇನೆ.

ಅವರು ಹೇಳುವ ಕಥೆಗಳಾದರೂ ಎಂಥವು! 2016ರ ಆಲ್ಬಂ, ಬಾಹ್ಯಾಕಾಶದ ಸರಕು ನೌಕೆಯೊಂದರಲ್ಲಿ ದಂಗೆಯೆದ್ದ ಗುಲಾಮರ ಪೈಕಿ ಬದುಕುಳಿದ ಒಬ್ಬನೇ ಒಬ್ಬನನ್ನೂ, ಅವನಲ್ಲಿ ಅನುರಕ್ತವಾಗುವ ನೌಕೆಯ ಕಂಪ್ಯೂಟರನ್ನೂ ಕುರಿತದ್ದು. ವೈಜ್ಞಾನಿಕ ಮತ್ತು ಅದ್ಭುತ ಕಥಾಸಾಹಿತ್ಯಕ್ಕೆ ಮೀಸಲಾದ ಹ್ಯೂಗೊ ಪ್ರಶಸ್ತಿಯ ಅಂತಿಮ ಪಟ್ಟಿಗೆ 2017ರಲ್ಲಿ ಅದು ಸೇರಿತು. ಅದೇ 2016ರಲ್ಲಿ ಡಿಗ್ಸ್ ‘ಹ್ಯಾಮಿಲ್ಟನ್’ ಸಂಗೀತ ನಾಟಕದ ಅಭಿನಯಕ್ಕಾಗಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದಿದ್ದ. ಅಷ್ಟು ಹೆಸರು ಬಂದ ಮೇಲೆ ಸುಲಭದ ಹಾಡುಗಳತ್ತ ಹೊರಳಬಹುದಿತ್ತು, ತಂಡ ಹೊರಳಲಿಲ್ಲ. 2019 ಮತ್ತು 2020ರಲ್ಲಿ ಭಯಾನಕ ಚಲನಚಿತ್ರಗಳ ಜಾಡು ಹಿಡಿದು ಎರಡು ಆಲ್ಬಂಗಳನ್ನೂ, 2025ರಲ್ಲಿ ಇನ್ನೊಂದನ್ನೂ ತಂದಿತು.

2019ರ ಆಲ್ಬಂ ಮುಗಿಯುವುದು ಪಿಯಾನೊ ಒಂದು ಹೊತ್ತಿ ಉರಿಯುವ ಸದ್ದಿನಿಂದ. ಮಾತಿಲ್ಲ, ತಾಳವಿಲ್ಲ, ತಂತಿಗಳು ಸಿಡಿಯುವುದೂ ಮರ ಚಿಟಚಿಟ ಎನ್ನುವುದೂ ಸುಮಾರು ಹದಿನೆಂಟು ನಿಮಿಷ ಕೇಳುತ್ತದೆ. ಇದು ಆನಿಯಾ ಲಾಕ್‌ವುಡ್ ಎಂಬ ಸಂಯೋಜಕಿ 1968ರಲ್ಲಿ ರೂಪಿಸಿದ ಕೃತಿ. ರಿಪೇರಿಯಾಗದಷ್ಟು ಕೆಟ್ಟ ಪಿಯಾನೊವನ್ನೇ ಸುಡಬೇಕೆಂಬ ಷರತ್ತನ್ನೂ ಅವರು ವಿಧಿಸಿದ್ದಾರೆ. ಮಗ್ಗುಲ ಮನೆಯಲ್ಲಿ ಬೆಂಕಿ ಕಾಯಿಸುತ್ತ ಕುಳಿತಂತೆ ಅನಿಸಿ ಮೊದಲ ಐದು ನಿಮಿಷ ನನಗೆ ಹಿತವಾಗಿಯೇ ಇತ್ತು. ಪೂರ್ತಿ ಹದಿನೆಂಟು ನಿಮಿಷದ ತಾಳ್ಮೆ ನನಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ, ಮತ್ತು ಅಷ್ಟು ಉದ್ದದ ಅಗತ್ಯವಿತ್ತೇ ಎಂಬ ಅನುಮಾನವೂ ಉಳಿದಿದೆ.

ತಮ್ಮ ವಾರದ ಪುರವಣಿಯಲ್ಲಿ ಸಿನಿಮಾ ಹಾಡುಗಳಿಗೆ ಧಾರಾಳವಾಗಿ ಜಾಗ ಸಿಗುತ್ತದೆ. ಇಂಥ ಪ್ರಯೋಗಗಳನ್ನು ಕೇಳಿ, ಮೆಚ್ಚಿಯಾದರೂ ಸರಿ, ಬೈದಾದರೂ ಸರಿ, ಬರೆಯಬಲ್ಲವರಿಗೆ ಆಗಾಗ ಅರ್ಧ ಕಾಲಂ ಕೊಡಬೇಕೆಂದು ವಿನಂತಿಸುತ್ತೇನೆ. ಪತ್ರ ಬರೆದ ಮಹನೀಯರು ಬಿಡುವಾದಾಗ ‘ಸ್ಟೋರಿ 2’ನ್ನು ಕೈಯಲ್ಲಿ ಎಣಿಕೆ ಹಿಡಿದು ಒಮ್ಮೆ ಕೇಳಲಿ, ಪಿಯಾನೊದಿಂದ ಮಾತ್ರ ಆರಂಭಿಸುವುದು ಬೇಡ.

ಇತಿ,
ಕಾಫಿ ಬೆಳೆಗಾರನಾದ ಓರ್ವ ಓದುಗ,
ಸುಂಟಿಕೊಪ್ಪ, ಕೊಡಗು