ಕೌದಿ ಒಣಗಲು ಮೂರು ದಿನ

ತಾಂಪೆರೆ, ಫಿನ್‌ಲ್ಯಾಂಡ್
ಜುಲೈ 20, ರಾತ್ರಿ ಒಂಬತ್ತೂವರೆ (ಹೊರಗೆ ಇನ್ನೂ ಬಿಸಿಲು)

ಪ್ರೀತಿಯ ಅವ್ವ, ಅಪ್ಪ, ಮತ್ತು ಇದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಕೆಲಸ ತಲೆಗೆ ಬಿದ್ದಿರುವ ತಂಗಿ,

ದಿನಾ ಫೋನ್ ಮಾಡುವವಳು ಪತ್ರ ಯಾಕೆ ಬರೆದಳು ಅಂತ ಗಾಬರಿಯಾಗಬೇಡಿ, ನಾವೆಲ್ಲ ಆರಾಮ. ಫೋನಿನಲ್ಲಿ ಒಂದು ಮಾತೂ ಪೂರ್ತಿ ಆಗುವುದಿಲ್ಲ, ಅದಕ್ಕೆ. ವಿಡಿಯೊ ಕಾಲ್ ಮಾಡಿದರೆ ಅವ್ವ ಫೋನನ್ನು ಕಿವಿಗೆ ಹಿಡಿಯುತ್ತಾಳೆ, ನಮಗೆ ಅವಳ ಬೆಂಡೋಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಪ್ಪ "ಎಲ್ಲಾರೂ ಆರಾಮ್ ಅದೀರಿಲ್ಲ? ಆತು, ಇಡ್ತೇನಿ" ಅಂತಾರೆ. ನಡುವೆ ಎಮ್ಮೆ ಕೂಗುತ್ತದೆ, ಯಾರೋ ಬಾಗಿಲಿಗೆ ಬರುತ್ತಾರೆ, ಮುಗಿಯಿತು. ಈ ಸಲ ಹೇಳಬೇಕಾದದ್ದು ಕೌದಿ ವಿಷಯ, ಅದನ್ನು ಅಷ್ಟರಲ್ಲಿ ಮುಗಿಸಲು ಆಗುವುದಿಲ್ಲ.

ಮೊದಲು ಬಿಸಿಲಿನದು ಹೇಳಿಬಿಡುತ್ತೇನೆ. ಇಲ್ಲಿ ಈಗ ನಡುಬೇಸಿಗೆ. ಸೂರ್ಯ ನಾಲ್ಕೂವರೆಗೇ ಎದ್ದು ಕೂತಿರುತ್ತಾನೆ, ಮುಳುಗುವುದು ರಾತ್ರಿ ಹತ್ತೂವರೆಗೆ. ಜೂನ್ ಕೊನೆಯಲ್ಲಿ ಹನ್ನೊಂದು ದಾಟಿದ ಮೇಲೆ ಮುಳುಗುತ್ತಿದ್ದ, ಅದೂ ಪೂರ್ತಿ ಕತ್ತಲೆ ಆಗುತ್ತಿರಲಿಲ್ಲ. ಹಾಗಂತ ನಮ್ಮ ರೋಣದ ಬಿಸಿಲು ಅಂದುಕೊಳ್ಳಬೇಡಿ. ಇಲ್ಲಿ 25 ಡಿಗ್ರಿ ದಾಟಿದರೆ ಅದಕ್ಕೆ ಬೇರೆ ಹೆಸರೇ ಇದೆ, "ಹೆಲ್ಲೆ" ಅಂತ, ಅಂದರೆ ಸುಡುಬಿಸಿಲು. ಅವತ್ತು ನನ್ನ ಆಫೀಸಿನವರೆಲ್ಲ ಉಸ್ಸಪ್ಪಾ ಅಂತ ಗಾಳಿ ಹಾಕಿಕೊಳ್ಳುತ್ತಾರೆ, ನಾನು ಸ್ವೆಟರ್ ಬಿಚ್ಚಲೋ ಬೇಡವೋ ಅಂತ ನೋಡುತ್ತಿರುತ್ತೇನೆ. ಅದೇ ಜನ ಮತ್ತೆ ಸಂಜೆ ಎಂಬತ್ತು ಡಿಗ್ರಿಯ ಸೌನಾದಲ್ಲಿ, ಅಂದರೆ ಬೆವರು ಸುರಿಸುವ ಬಿಸಿ ಕೋಣೆಯಲ್ಲಿ, ಹೋಗಿ ಕೂರುತ್ತಾರೆ! ನಿಮ್ಮ ಅಳಿಯನಿಗೂ ಆ ಚಟ ಹತ್ತಿದೆ. ಏಪ್ರಿಲ್ ತಿಂಗಳಲ್ಲಿ ನಮ್ಮ ತಗಡಿನ ಪಡಸಾಲೆಯಲ್ಲಿ ಮಧ್ಯಾಹ್ನ ಒಂದು ತಾಸು ಕೂತವರಿಗೆ ಅದಕ್ಕೆ ದುಡ್ಡು ಕೊಡಬೇಕು ಅನ್ನಿಸುವುದಿಲ್ಲ, ಅಲ್ವಾ.

ಮುತ್ತುನ ಮಲಗಿಸುವುದೇ ದೊಡ್ಡ ಕೆಲಸ. ಎಂಟೂವರೆಗೆ ಹಾಸಿಗೆಗೆ ಕರೆದರೆ "ಅವ್ವಾ, ಇನ್ನೂ ಮಧ್ಯಾಹ್ನ ಐತಿ" ಅಂತಾಳೆ. ಕಿಟಕಿಗೆ ದಪ್ಪನೆಯ ಕರಿ ಪರದೆ ಹಾಕಿದ್ದೇವೆ, ಆದರೂ ಅಂಚಿನಲ್ಲಿ ಒಂದು ಗೆರೆ ಬೆಳಕು ನುಗ್ಗುತ್ತದೆ, ಅವಳು ಅದನ್ನೇ ನೋಡುತ್ತಾ ಮಲಗಿರುತ್ತಾಳೆ. ಅಂಗಳದಲ್ಲಿ ಬೇರೆ ಮಕ್ಕಳು ಹತ್ತು ಗಂಟೆಯವರೆಗೂ ಸೈಕಲ್ ಹೊಡೆಯುತ್ತಿರುತ್ತವೆ. ಸಾಲಿ ರಜೆ ಜೂನ್ ಮೊದಲಿಗೆ ಶುರುವಾದರೆ ಆಗಸ್ಟ್‌ವರೆಗೂ ಇರುತ್ತದೆ. ಮುತ್ತು ಈ ಆಗಸ್ಟ್‌ಗೇ ಒಂದನೇ ಕ್ಲಾಸು. ಇಲ್ಲಿ ಏಳು ತುಂಬುವ ವರ್ಷಕ್ಕೇ ಒಂದನೇ ಕ್ಲಾಸು. ಅವ್ವ, ನೀನು ಪ್ರತಿ ಸಲ "ಇನ್ನೂ ಸಾಲಿಗಿ ಹಚ್ಚಿಲ್ಲೇನ?" ಅಂತ ಕೇಳುವುದಕ್ಕೆ ಇದು ಕೊನೆಯ ಉತ್ತರ.

ನೀನು ಕೇಳುವ ಇನ್ನೊಂದು ಪ್ರಶ್ನೆ, "ಮೂರುಸಂಜಿ ಹೊತ್ತಿಗೆ ದೀಪಾ ಹಚ್ಚೀಯಿಲ್ಲ?" ಇಲ್ಲಿ ಮೂರುಸಂಜೆ ಅಂತ ಹುಡುಕಿದರೆ ಮಗು ಮಲಗಿ ತಾಸಾಗಿರುತ್ತದೆ. ಚಳಿಗಾಲದಲ್ಲಿ ಉಲ್ಟಾ, ಮಧ್ಯಾಹ್ನದ ಚಹಾಕ್ಕೇ ಕತ್ತಲೆ. ಕೊನೆಗೆ ನಿಮ್ಮ ಅಳಿಯ ಒಂದು ಉಪಾಯ ಹೇಳಿದರು: ಊರಲ್ಲಿ ಅತ್ತಿ ಯಾವಾಗ ಹಚ್ಚುತ್ತಾರೋ ಆವಾಗಲೇ ಹಚ್ಚು. ಅಂದರೆ ನಿಮಗೆ ಸಂಜೆ ಏಳು, ನಮಗೆ ನಾಲ್ಕೂವರೆ. ಆಫೀಸ್ ಬಿಟ್ಟು ಬಂದು ಚಪ್ಪಲಿ ಬಿಚ್ಚಿ ಕಾಲು ತೊಳೆದ ಹೊತ್ತಿಗೆ ಸರಿಹೋಗುತ್ತದೆ. ಜಗಲಿ ಅಂತ ಮಾಡಿರುವುದು ಕಿಟಕಿಯ ಪಕ್ಕದ ಕಪಾಟಿನ ಮೇಲೆ. ಆ ಹೊತ್ತಿಗೆ ಅಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಅಂದರೆ ಹಚ್ಚಿದ ದೀಪದ ಕುಡಿ ಕಾಣುವುದೇ ಇಲ್ಲ. ಹತ್ತಿದೆಯೋ ಇಲ್ಲವೋ ಅಂತ ಮುತ್ತು ಕುಡಿಯ ಮೇಲೆ ಅಂಗೈ ಹಿಡಿದು ನೋಡುತ್ತಾಳೆ. "ಐತಿ, ಬಿಸಿ ಐತಿ" ಅಂತಾಳೆ. ಆಮೇಲೆ ಕೈ ಮುಗಿಯುತ್ತೇವೆ.

ಈ "ಐತಿ" ಅನ್ನುವುದರದೇ ಒಂದು ತಮಾಷೆ ಇದೆ, ಹೇಳಿದ್ದೆನಾ? ಫಿನ್ನಿಷ್‌ನಲ್ಲಿ ಅವ್ವನಿಗೆ ಹೆಚ್ಚು ಕಡಿಮೆ "ಐತಿ" ಅಂತಲೇ ಅನ್ನುತ್ತಾರೆ. ಮುತ್ತುನ ಡೇ ಕೇರ್‌ಗೆ ಬಿಟ್ಟ ಮೊದಲ ದಿನ ಒಂದು ಹುಡುಗ ಬಾಗಿಲು ಹಿಡಿದುಕೊಂಡು "ಐತಿ, ಐತಿ" ಅಂತ ಅಳುತ್ತಿದ್ದ. ನಾನು ಬಗ್ಗಿ "ಏನ್ ಐತೋ?" ಅಂತ ಕೇಳಿಬಿಟ್ಟಿದ್ದೆ.

ಈಗ ಕೌದಿ. ನೀನೂ ಆಯಿಯೂ ಸೇರಿ ಹೊಲಿದದ್ದು, ನನ್ನ ಮದುವೆಯಲ್ಲಿ ಕೊಟ್ಟದ್ದು. ಚಳಿಗಾಲದಲ್ಲಿ ಇಲ್ಲಿಯ ರಜಾಯಿಯ ಮೇಲೆ ಅದೂ ಬೇಕು, ಆ ಭಾರ ಇಲ್ಲದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಆದರೆ ಎರಡು ವರ್ಷದಿಂದ ಒಗೆದಿರಲಿಲ್ಲ. ಮನೆಯ ವಾಷಿಂಗ್ ಮಷೀನಿಗೆ ತುರುಕಿದರೆ ಮಷೀನೇ ಹೋಗುತ್ತದೆ. ಬಕೆಟ್ಟಿನಲ್ಲಿ ಮುಳುಗುವುದಿಲ್ಲ. ಡ್ರೈ ಕ್ಲೀನಿಂಗ್ ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿ ಬೇಡ ಅಂತ ತಲೆ ಅಲ್ಲಾಡಿಸಿದ. ದಸರಾ ಮುಂದೆ ಹೊಳಿಗೆ ಹೋಗಿ ಒಗೆಯುತ್ತಿದ್ದೆವಲ್ಲ, ಮಲಪ್ರಭಾ ದಂಡೆಯಲ್ಲಿ ಓಣಿಯ ಕೌದಿಗಳೆಲ್ಲ ಸಾಲಾಗಿ ಒಣಗುತ್ತಿದ್ದವಲ್ಲ, ಅಂಥದ್ದೊಂದು ಜಾಗ ಇದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಫೀಸಿನ ಗೆಳತಿಗೆ ಸುಮ್ನೆ ಹೇಳಿದೆ. ಅವಳು "ಇದೆಯಲ್ಲ" ಅಂದಳು.

ಇದೆ! ಇಲ್ಲಿಯ ಊರುಗಳಲ್ಲಿ ಚಾಪೆ ಒಗೆಯುವುದಕ್ಕೆ ಅಂತಲೇ ಸಾರ್ವಜನಿಕ ಜಾಗ ಮಾಡಿರುತ್ತಾರೆ. ಬೇಸಿಗೆ ಬಂತೆಂದರೆ ಜನ ಮನೆಯ ಚಾಪೆಗಳನ್ನೆಲ್ಲ ಸುತ್ತಿಕೊಂಡು ಅಲ್ಲಿಗೆ ಹೋಗುತ್ತಾರೆ. ಮೊದಲು ಕೆರೆಗೇ ಇಳಿದು ಒಗೆಯುತ್ತಿದ್ದರಂತೆ, ಈಗ ಸಾಬೂನು ನೀರು ಕೆರೆಗೆ ಹೋಗಬಾರದು ಅಂತ ದಂಡೆಯಿಂದ ಸ್ವಲ್ಪ ಈಚೆಗೆ ಕಟ್ಟೆ, ತೊಟ್ಟಿ, ನಲ್ಲಿ ಎಲ್ಲ ಮಾಡಿ ಚರಂಡಿಗೆ ಬಿಟ್ಟಿದ್ದಾರೆ. ಒಗೆಯುವ ಚಾಪೆಯ ಹೆಸರು ರ್ಯಾಸುಮಾತ್ತೊ. ರ್ಯಾಸು ಅಂದರೆ ಚಿಂದಿ, ಮಾತ್ತೊ ಅಂದರೆ ಹಾಸು. ಹಳೇ ಬಟ್ಟೆಗಳನ್ನು ಉದ್ದುದ್ದ ಪಟ್ಟಿ ಹರಿದು ಮಗ್ಗದಲ್ಲಿ ನೇಯುತ್ತಾರೆ. ಕೌದಿಯ ಬೀಗರು ಅನ್ನು.

ಒಂದು ಶನಿವಾರ ಮೂವರೂ ಹೋದೆವು. ಸಾಬೂನು ಅಂದರೆ ಪೈನ್ ಮರದ್ದು, ಕಂದು ಬಣ್ಣ, ಜಾನಿ ಬೆಲ್ಲದ ಹಾಗೆ ಅಂಟಂಟು, ವಾಸನೆ ಹಸಿ ಕಟ್ಟಿಗೆಯ ವಾಸನೆ. ನೆನೆಸಿದ ಕೌದಿ ಎತ್ತುವುದಕ್ಕೆ ಇಬ್ಬರೂ ಬೇಕಾಯಿತು. ಬಡಿಯುವ ಕಲ್ಲು ಇಲ್ಲ, ಉದ್ದ ಕಟ್ಟೆಯ ಮೇಲೆ ಹಾಸಿ ಬ್ರಷ್‌ನಿಂದ ತಿಕ್ಕಬೇಕು. ಮುತ್ತು ಬರಿಗಾಲಲ್ಲಿ ಅದರ ಮೇಲೆ ಹತ್ತಿ ತುಳಿದಳು, ಯಾರೂ ಹೇಳಿಕೊಟ್ಟಿರಲಿಲ್ಲ. ಬಂದ ನೀರು ನೋಡಿ ನನಗೇ ನಾಚಿಕೆಯಾಯಿತು, ಎರಿ ಹೊಲದ ಮೊದಲ ಮಳೆ ನೀರಿನ ಹಾಗಿತ್ತು.

ಪಕ್ಕದ ಕಟ್ಟೆಯಲ್ಲಿ ಒಬ್ಬ ಅಜ್ಜಿ, ಎಪ್ಪತ್ತೈದರ ಆಸುಪಾಸು, ರಬ್ಬರ್ ಬೂಟು ಹಾಕಿಕೊಂಡು ತನ್ನ ಚಾಪೆ ತಿಕ್ಕುತ್ತಿದ್ದರು. ಇಲ್ಲಿಯ ಜನ ಗೊತ್ತಿಲ್ಲದವರ ಜೊತೆ ಮಾತಾಡುವುದು ಕಡಿಮೆ. ಅರ್ಧ ತಾಸು ಓರೆಗಣ್ಣಿನಲ್ಲಿ ಕೌದಿ ನೋಡಿದರು, ಒಂದು ಮಾತಿಲ್ಲ. ನಮ್ಮೂರಲ್ಲಾದರೆ ಅಷ್ಟರಲ್ಲಿ ನಮ್ಮ ಮನೆತನ, ಹೊಲ ಎಷ್ಟು ಕೂರಿಗೆ, ಎಲ್ಲ ಕೇಳಿ ಮುಗಿಸಿರುತ್ತಿದ್ದರು. ಕೊನೆಗೆ ಹತ್ತಿರ ಬಂದು ಬೆರಳ ತುದಿಯಿಂದ ಹೊಲಿಗೆ ಮುಟ್ಟಿ, ಕೈಯಿಂದಲಾ ಅಂತ ಕೇಳಿದರು. ಹೌದು ಅಂದೆ. ಯಾರು ಅಂದರು. "ಐತಿ" ಅಂದೆ. ಅವರು ತಮ್ಮ ಚಾಪೆಯ ಹತ್ತಿರ ಕರೆದುಕೊಂಡು ಹೋಗಿ ಒಂದೊಂದೇ ಪಟ್ಟೆ ತೋರಿಸಿದರು. ನೀಲಿ ಬಣ್ಣದ್ದು ಗಂಡನ ಕೆಲಸದ ಬಟ್ಟೆ, ಬಿಳಿಯದು ಹಾಸಿಗೆಯ ಚಾದರ, ನಡುವೆ ಒಂದೇ ಒಂದು ಕೆಂಪು ಗೆರೆ. ಆ ಕೆಂಪಿನದು ಏನೋ ಉದ್ದ ಹೇಳಿದರು, ನನ್ನ ಮುರುಕು ಫಿನ್ನಿಷ್‌ಗೆ ಅರ್ಥ ಆಗಲಿಲ್ಲ. ಮತ್ತೆ ಕೇಳಬೇಕಿತ್ತು. ಸುಮ್ನೆ ತಲೆ ಆಡಿಸಿಬಿಟ್ಟೆ.

ನೀರು ಹಿಂಡುವುದಕ್ಕೆ ಕೈಯಿಂದ ತಿರುಗಿಸುವ ಎರಡು ಉರುಳೆಯ ಯಂತ್ರ ಇದೆ, ಕಬ್ಬಿನ ಹಾಲಿನ ಗಾಡಿಯಲ್ಲಿ ಇರುತ್ತದಲ್ಲ, ಅದೇ. ನಿಮ್ಮ ಅಳಿಯ ಹಿಡಿಕೆ ಹಿಡಿದರು, ನಾನು ಕೌದಿ ಒಳಗೆ ಬಿಟ್ಟೆ. ಆಮೇಲೆ ಅಲ್ಲಿಯೇ ಉದ್ದನೆಯ ಮರದ ಗಳಗಳ ಮೇಲೆ ಹಾಕಿದೆವು. ಜನ ರಾತ್ರಿಯೆಲ್ಲ ಹಾಗೇ ಬಿಟ್ಟು ಹೋಗುತ್ತಾರೆ, ಯಾರೂ ಮುಟ್ಟುವುದಿಲ್ಲ ಅಂದರು. ನನಗೆಲ್ಲಿಯ ನಂಬಿಕೆ! ರಾತ್ರಿ ಹತ್ತಕ್ಕೆ ಸೈಕಲ್ ತೆಗೆದುಕೊಂಡು ಹೋಗಿ ನೋಡಿ ಬಂದೆ. ಇತ್ತು. ಬೆಳಗ್ಗೆ ಆರಕ್ಕೆ ಹೋದೆ. ಇತ್ತು, ಆದರೆ ಹಸಿ. ಸಂಜೆ ಹೋದೆ, ಇನ್ನೂ ತಂಪು. ಹದಿನೆಂಟು ತಾಸು ಬಿಸಿಲು ಬಿದ್ದರೂ ಕೌದಿ ಒಣಗಲು ಪೂರಾ ಮೂರು ದಿನ ಬೇಕಾಯಿತು. ನಮ್ಮ ಮಾಳಿಗೆಯ ಮೇಲೆ ಬೆಳಗ್ಗೆ ಹಾಕಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಮಡಚಿ ಇಡುತ್ತಿದ್ದೆವು, ಕೈ ಸುಡುತ್ತಿತ್ತು. ಈ ಬಿಸಿಲಿಗೆ ಹೊತ್ತು ಜಾಸ್ತಿ, ಕಸುವಿಲ್ಲ. ಎರಡನೇ ರಾತ್ರಿ ಮಳೆಯೂ ಬಂತು. ಓಡಿಹೋಗಿ ನೋಡಿದರೆ ಯಾರೋ ಅದನ್ನು ಎತ್ತಿ ಮಾಡಿನ ಕೆಳಗಿನ ಗಳಕ್ಕೆ ಹಾಕಿದ್ದರು, ನಾಲ್ಕು ಮೂಲೆ ಸಮ ಮಾಡಿ. ಆ ಭಾರ ಒಬ್ಬರಿಂದ ಎತ್ತುವುದಕ್ಕೆ ಆಗುವಂಥದ್ದಲ್ಲ.

ಮೂರನೇ ದಿನ ಮನೆಗೆ ತರುವಾಗ ಲೌಕೊಂತೊರಿ ಅಂತ ಕೆರೆ ದಂಡೆಯ ಮಾರ್ಕೆಟ್ಟಿನಲ್ಲಿ ಬಟಾಣಿ ಕೊಂಡೆವು. ಅಪ್ಪ, ಇದು ನಿಮಗೆ: ಇಲ್ಲಿ ಬಟಾಣಿ, ಸ್ಟ್ರಾಬೆರಿ ಎಲ್ಲ ತೂಗುವುದಿಲ್ಲ, ಲೀಟರ್ ಡಬ್ಬಿಯಲ್ಲಿ ಅಳೆದು ಕೊಡುತ್ತಾರೆ. ನಮ್ಮ ಸೇರಿನ ಹಾಗೆ, ಮೇಲೆ ಗೋಪುರ ಮಾಡಿ. ಬಟಾಣಿಯನ್ನು ಯಾರೂ ಮನೆಯವರೆಗೆ ಒಯ್ಯುವುದಿಲ್ಲ, ದಾರಿಯಲ್ಲೇ ಸುಲಿದು ಹಸಿಯಾಗಿ ತಿನ್ನುತ್ತಾರೆ, ನಾವು ಹೊಲದಿಂದ ಬರುವಾಗ ಹಸಿ ಕಡ್ಲಿ ತಿನ್ನುತ್ತಿದ್ದ ಹಾಗೆ. ಕೌದಿಯ ಗಂಟು ಸೈಕಲ್ ಮೇಲೆ, ಮುತ್ತು ಗಂಟಿನ ಮೇಲೆ, ದಾರಿ ತುಂಬ ಸಿಪ್ಪೆ. ಅಂದ ಹಾಗೆ ಹೆಸರು ಹೂ ಬಿಟ್ಟಿತಾ? ಮಳೆ ಹೆಂಗಿದೆ? ಫೋನಿನಲ್ಲಿ ಕೇಳಿದರೆ "ಆಗೇತಿ" ಅಂದಿರಿ, ಸಾಕಾಗುವಷ್ಟು ಆಗಿದೆಯೋ ಇಲ್ಲವೋ ಹೇಳಲಿಲ್ಲ.

ಮನೆಗೆ ಬಂದು ಬಿಚ್ಚಿ ಹಾಸಿದಾಗ ಗೊತ್ತಾಯಿತು, ಒಂದು ಮೂಲೆ ಬಿಟ್ಟುಕೊಂಡಿದೆ. ಆ ಉರುಳೆಯಲ್ಲಿ ಜಗ್ಗಿದ್ದೇ ಇರಬೇಕು, ನಿಮ್ಮ ಅಳಿಯ ಒಪ್ಪುವುದಿಲ್ಲ. ಒಂದು ಗೇಣು ಹೊಲಿಗೆ ಹೋಗಿದೆ. ಒಳಗೆ ಕೈ ಹಾಕಿದೆ. ಮೇಲಿನ ಇಳಕಲ್ ಸೀರೆ ನಿನ್ನದು ಅಂತ ಗೊತ್ತು. ಅದರ ಕೆಳಗೆ ಅಪ್ಪನ ಧೋತರ. ಅದರ ಕೆಳಗೆ ಒಂದು ಹಳದಿ ಬಟ್ಟೆ ಇದೆ ಅವ್ವ, ಸಣ್ಣ ಸಣ್ಣ ಕೆಂಪು ಹೂವು, ತೆಳ್ಳನೆಯ ಅರಿವೆ. ಬಿಸಿಲು ಕಾಣದ ಬಟ್ಟೆ ಅಲ್ವಾ, ಬಣ್ಣ ನಿನ್ನೆ ತಂದ ಹಾಗಿದೆ. ಒಂದು ಕಡೆ ಗುಂಡಿ ಮನೆ ಇದೆ, ಅಂದರೆ ಅಂಗಿಯೋ ಜಂಪರೋ ಆಗಿತ್ತು. ಗುಂಡಿ ಮನೆ ನನ್ನ ಕಿರುಬೆರಳಿನ ಉಗುರಿನಷ್ಟಿದೆ, ಹಾಗಾಗಿ ದೊಡ್ಡವರದ್ದಲ್ಲ. ನನ್ನ ಯಾವ ಫೋಟೋದಲ್ಲೂ ಇದು ಇಲ್ಲ. ತಂಗಿಯದ್ದಂತೂ ಅಲ್ಲ, ಅವಳ ಬಟ್ಟೆಯೆಲ್ಲ ನಾನು ಹಾಕಿ ಬಿಟ್ಟದ್ದೇ (ಓದುವಾಗ ಸಿಟ್ಟಾಗಬೇಡ).

ಫೋನಿನಲ್ಲಿ ಕೇಳಿದರೆ ಎಮ್ಮೆ ಕೂಗಿದ್ದರಲ್ಲಿ ಹೋಗಿಬಿಡುತ್ತದೆ ಅಂತ ಬರೆಯುತ್ತಿದ್ದೇನೆ. ಅದು ಯಾರದು? ನಿನಗೆ ನೆನಪಿಲ್ಲದಿದ್ದರೆ ದೊಡ್ಡವ್ವನನ್ನು ಕೇಳು. ಮೂಲೆಗೆ ಸದ್ಯ ಪಿನ್ ಹಾಕಿ ಇಟ್ಟಿದ್ದೇನೆ, ನೀನು ಹೇಳುವವರೆಗೂ ಹೊಲಿಯುವುದಿಲ್ಲ. ಹೊಲಿಯುವುದಕ್ಕೆ ದಬ್ಬಣ ಬೇಕಾ, ದೊಡ್ಡ ಸೂಜಿ ಸಾಕಾ? ದಾರ ಒಂದೆಳೆಯೋ ಎರಡೆಳೆಯೋ? ಅದನ್ನೂ ಹೇಳು.

ನಿಮ್ಮ ಮಗಳು

ತಾ.ಕ.: ಅವ್ವ, ಪಂಚಮಿ ಉಂಡಿ ಕಳಿಸುತ್ತೇನೆ ಅಂತ ನೀನು ಅಂದಿದ್ದೆ. ತುಪ್ಪ ಹಾಕಿದ್ದು ಬೇಡ, ಯುರೋಪಿಗೆ ಹೊರಗಿನಿಂದ ಹಾಲು ತುಪ್ಪದ ಪದಾರ್ಥ ಬಿಡುವುದಿಲ್ಲ, ಅಷ್ಟೂ ಕಸಕ್ಕೆ ಹಾಕುತ್ತಾರೆ. ಶೇಂಗಾ ಉಂಡಿ ಬೆಲ್ಲದಲ್ಲಿ ಕಟ್ಟಿದ್ದು ಸಾಕು. ಮುತ್ತುಗೆ ಜೋಕಾಲಿ ಬೇಕಂತೆ, ಅದನ್ನು ಅಂಗಳದ ಬರ್ಚ್ ಮರಕ್ಕೆ ಕಟ್ಟಬಹುದಾ ಅಂತ ಅಪಾರ್ಟ್‌ಮೆಂಟಿನವರನ್ನು ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.